‘ಕಾಲ್ ಇಟ್ ಎ ಡೇ’ ಅಂದರೆ ಏನು?



ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆಯ ಮಂದಿಗೆ ಎರಡು ಭಾಷೆ ಯಾರೂ ಕಲಿಸದೆ ಬರುತ್ತವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಮೂರನೆಯದು ಇಂಗ್ಲಿಷು. ಅದು ಬೀಗರಿದ್ದ ಹಾಗೆ. ಯಾವ ಮಾತಿಗೆ ಏನು ಅರ್ಥ ಇಟ್ಟುಕೊಂಡಿದೆಯೋ ತಿಳಿಯುವುದಿಲ್ಲ, ಕೇಳಲು ನಾಚಿಕೆ ಬಿಡುವುದಿಲ್ಲ. ಇವತ್ತು ಅಂಥ ಒಂದೇ ಒಂದು ಮಾತನ್ನು ಹಿಡಿದುಕೊಂಡು ಬಂದಿದ್ದೇನೆ. ನಾಲ್ಕೇ ಶಬ್ದ, ನಾಲ್ಕೂ ಸಣ್ಣವು: ‘ಕಾಲ್ ಇಟ್ ಎ ಡೇ’. ನಿಲ್ಲಿಸುವುದಕ್ಕೆ ಸಂಬಂಧಪಟ್ಟ ಮಾತು ಇದು. ನನಗೆ ಇದು ಒಂದು ರಾತ್ರಿಯ ನಿದ್ದೆ ಕೆಡಿಸಿ ಬಂತು.

1981ರಲ್ಲಿ ನಾನು ಕ್ಲಾರ್ಕಾಗಿ ಬ್ಯಾಂಕಿಗೆ ಸೇರಿದೆ. ಮೆಟ್ರಿಕ್ ಪಾಸು, ಇಪ್ಪತ್ತರ ವಯಸ್ಸು. ಹಳ್ಳಿಯ ಸಣ್ಣ ಶಾಖೆ. ಆಗ ಕಂಪ್ಯೂಟರ್ ಇಲ್ಲ. ದಿನದ ವ್ಯವಹಾರವೆಲ್ಲ ಸಂಜೆಗೆ ಡೇ ಬುಕ್ಕಿಗೆ ಏರಬೇಕು. ನಮ್ಮ ಹಿರಿಯರು ಕಿರ್ದಿ ಎನ್ನುತ್ತಿದ್ದರಲ್ಲ, ಅದೇ. ಜಮೆಯ ಬದಿ, ಖರ್ಚಿನ ಬದಿ ಎರಡೂ ಸರಿಹೊಂದಬೇಕು. ಹೊಂದದೆ ಹೋದರೆ ‘ಕಾಲಿಂಗ್’ ಮಾಡಬೇಕು. ಅಂದರೆ ಒಬ್ಬನು ವೋಚರ್ ಹಿಡಿದು ಮೊತ್ತವನ್ನು ಗಟ್ಟಿಯಾಗಿ ಕೂಗಿ ಓದುವುದು, ಇನ್ನೊಬ್ಬನು ಪುಸ್ತಕದಲ್ಲಿ ಅದೇ ಮೊತ್ತ ಹುಡುಕಿ ಪೆನ್ಸಿಲಿನಿಂದ ಟಿಕ್ ಹಾಕುವುದು. ಬ್ಯಾಂಕಿನಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಆ ಕೂಗು ಇನ್ನೂ ಕಿವಿಯಲ್ಲಿರುತ್ತದೆ.

ಒಂದು ದಿನ ಸಂಜೆ 27 ರೂಪಾಯಿ ಫರಕು ಬಂತು. ತಿಜೋರಿಯಲ್ಲಿ ರೊಕ್ಕ ಸರಿಯಿದೆ, ಕಾಗದದಲ್ಲಿ ಮಾತ್ರ ಹೊಂದುತ್ತಿಲ್ಲ. ಏಳಾಯಿತು, ಎಂಟಾಯಿತು. ಮ್ಯಾನೇಜರು ದೂರದ ಪ್ರಾಂತದವರು. ಇಂಗ್ಲಿಷು, ಹಿಂದಿ ಬಿಟ್ಟರೆ ಬೇರೆ ಮಾತು ಬಾರದು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನನ್ನ ಕಡೆ ನೋಡಿ, ‘ಆಲ್ ರೈಟ್, ಲೆಟ್ ಅಸ್ ಕಾಲ್ ಇಟ್ ಎ ಡೇ’ ಎಂದು ಹೇಳಿ ಎದ್ದು ಹೋದರು.

ನನಗೆ ಅರ್ಥವಾದದ್ದು ಹೀಗೆ: ಕಾಲ್ ಅಂದರೆ ಕಾಲಿಂಗ್, ಡೇ ಅಂದರೆ ಡೇ ಬುಕ್. ಮೊದಲಿನಿಂದ ಇನ್ನೊಮ್ಮೆ ಕಾಲಿಂಗ್ ಮಾಡು ಅಂತ ಅಪ್ಪಣೆಯಾಗಿದೆ! ಶಾಖೆಯಲ್ಲೇ ರಾತ್ರಿ ಮಲಗುವ ವಯಸ್ಸಾದ ಸಿಪಾಯಿ ಒಬ್ಬರಿದ್ದರು. ಅವರೂ ಆ ಮಾತು ಕೇಳಿಸಿಕೊಂಡಿದ್ದರು. ‘ಕ್ಲಾರ್ಕ್ ಸಾಹೇಬ್ರ, ಕಾಲಿಟ್ಟೆಡೆ ಅಂದ್ರಲ್ಲ ಅವರು, ಎಲ್ಲಿ ಕಾಲಿಡಬೇಕಂತ್ರಿ?’ ಎಂದು ಕೇಳಿದರು. ‘ಕಾಲಿಡೋದಲ್ಲ ಕಾಕಾ, ಕಾಲಿಂಗ್ ಮಾಡೋದು. ಕಂದೀಲು ಹಚ್ಚರಿ’ ಎಂದೆ. ನಾನು ಭಾರಿ ತಿಳಿದವನು!

ಕಾಕಾನಿಗೆ ಇಂಗ್ಲಿಷ್ ಅಂಕಿ ಬಾರದು. ಹಾಗಾಗಿ ಕೂಗುವವನೂ ನಾನೇ, ಟಿಕ್ ಹಾಕುವವನೂ ನಾನೇ. ಹನ್ನೊಂದರವರೆಗೆ ಕೂಗಿದೆ. ಫರಕು ಸಿಗಲಿಲ್ಲ. ನಮ್ಮೂರಿನ ಕೊನೆಯ ಎಸ್.ಟಿ. ಬಸ್ಸು ಒಂಬತ್ತಕ್ಕೇ ಹೋಗಿತ್ತು. ಬೆಂಚಿನ ಮೇಲೆ ಮಲಗಿದೆ. ಊರಲ್ಲಿ ಫೋನಿಲ್ಲ. ಅವ್ವ ರಾತ್ರಿಯೆಲ್ಲ ಬಾಗಿಲ ಹತ್ತಿರ ಕೂತಿದ್ದಳಂತೆ. ಬೆಳಗಿನ ಜಾವ ತಮ್ಮ ಸೈಕಲ್ ತುಳಿದುಕೊಂಡು ನನ್ನನ್ನು ಹುಡುಕಿ ಬಂದ.

ಬೆಳಗ್ಗೆ ಮ್ಯಾನೇಜರು ಬಂದರು. ಪುಸ್ತಕ ತೆರೆದರು, ಐದು ನಿಮಿಷದಲ್ಲಿ ಬೆರಳಿಟ್ಟು ತೋರಿಸಿದರು. ವೋಚರಿನಲ್ಲಿ 63 ರೂಪಾಯಿ, ಪುಸ್ತಕದಲ್ಲಿ ನನ್ನದೇ ಕೈಯಲ್ಲಿ 36. ‘27 ಒಂಬತ್ತರಿಂದ ಭಾಗವಾಗುತ್ತದೆ ನೋಡು, ಒಂಬತ್ತರಿಂದ ಭಾಗವಾಗುವ ಫರಕು ಬಂದರೆ ಅಂಕಿ ಹಿಂದುಮುಂದಾಗಿದೆಯೇ ಅಂತ ಮೊದಲು ನೋಡಬೇಕು’ ಎಂದು ಹಿಂದಿಯಲ್ಲಿ ಹೇಳಿದರು. ಎಷ್ಟು ಸಲ ಲೆಕ್ಕ ಹಾಕಿ ನೋಡಿದರೂ ಇದು ನಿಜವೇ: 81 ಮತ್ತು 18, 52 ಮತ್ತು 25, ಕಳೆದು ನೋಡಿರಿ. ದಣಿದ ಕಣ್ಣು 63 ಎಂದು ಓದಿ 36ಕ್ಕೆ ಟಿಕ್ ಹಾಕಿತ್ತು, ಒಂದಲ್ಲ, ಎರಡು ಸಲ. ಆಮೇಲೆ ಅವರು ನನ್ನ ಕೆದರಿದ ತಲೆ, ಮುದುಡಿದ ಅಂಗಿ ನೋಡಿ, ‘ಮನೆಗೆ ಯಾಕೆ ಹೋಗಲಿಲ್ಲ? ಹೋಗು ಅಂತ ಹೇಳಿದ್ದೆನಲ್ಲ’ ಎಂದರು.

ಹೋಗು ಅಂತ ಹೇಳಿದ್ದರಂತೆ! ನಾನು ಏನೂ ಮಾತಾಡಲಿಲ್ಲ. ಆ ರವಿವಾರ ನಮ್ಮ ಸಾಲೆಯ ಗುರುಗಳ ಮನೆಗೆ ಹೋಗಿ ಕೇಳಿದೆ. ಅವರು ನಗದೆ ಬಿಡಿಸಿ ಹೇಳಿದರು. ಅದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಇಲ್ಲಿ ‘ಕಾಲ್’ ಅಂದರೆ ಕರೆಯುವುದಲ್ಲ, ಕೂಗುವುದಲ್ಲ. ‘ಅನ್ನೋಣ’ ಎಂದು ಅರ್ಥ. ಸಂತೆಯಲ್ಲಿ ನೀವು ತೂಕ ನೋಡಿ ‘ಹೆಚ್ಚುಕಡಿಮೆ ಎರಡು ಕಿಲೋ ಅನ್ನರಿ’ ಎನ್ನುತ್ತೀರಲ್ಲ, ಆ ‘ಅನ್ನರಿ’. ಹಾಗೆ ಲೆಕ್ಕಕ್ಕೆ ಹಿಡಿಯುವುದು. ‘ಇಟ್’ ಅಂದರೆ ಇಲ್ಲಿಯವರೆಗೆ ಮಾಡಿದ ಕೆಲಸ. ‘ಎ ಡೇ’ ಅಂದರೆ ಸೂರ್ಯ ಹುಟ್ಟಿ ಮುಳುಗುವ ದಿನವಲ್ಲ, ಒಂದು ದಿನದ ದುಡಿಮೆ, ಒಂದು ಹಾಜರಿ. ಎಲ್ಲ ಸೇರಿಸಿದರೆ: ‘ಇಷ್ಟು ಮಾಡಿದ್ದನ್ನೇ ಒಂದು ದಿನದ ಕೆಲಸ ಅಂತ ಹಿಡಿಯೋಣ, ಸಾಕು ಮಾಡೋಣ.’ ಕೆಲಸ ಮುಗಿಯಿತು ಎಂದು ಈ ಮಾತು ಹೇಳುವುದಿಲ್ಲ. ಮುಗಿಯದಿದ್ದರೂ ಮುಗಿದಂತೆ ಹಿಡಿಯೋಣ ಎನ್ನುತ್ತದೆ. 27 ರೂಪಾಯಿ ಇನ್ನೂ ಸಿಕ್ಕಿರಲಿಲ್ಲ ನೋಡಿರಿ, ಆದರೂ ಮ್ಯಾನೇಜರು ಎದ್ದು ಹೋದರು. ಅದೇ ಇದರ ತಿರುಳು.

ಈ ಮಾತಿನ ಹಿಂದಿನ ರೂಪ ಇನ್ನೂ ಸ್ವಾರಸ್ಯವಾಗಿದೆ. 1838ರ ಬರಹದಲ್ಲಿ ‘ಕಾಲ್ ಇಟ್ ಹಾಫ್ ಎ ಡೇ’ ಎಂದು ಸಿಗುತ್ತದೆ, ಅಂದರೆ ‘ಅರ್ಧ ದಿನ ಅನ್ನೋಣ’. ಹೊತ್ತಿಗೆ ಮುಂಚೆ ಕೆಲಸ ಬಿಟ್ಟು ಹೊರಡುವವನ ಮಾತು ಅದು. ಈಗಿನ ಪೂರ್ತಿ ದಿನದ ರೂಪ 20ನೆಯ ಶತಮಾನದ ಆರಂಭದ ಹೊತ್ತಿಗೆ ಬಳಕೆಗೆ ಬಂತು. ಆ ಕಾಲದಲ್ಲಿ ಒಂದು ದಿನ ಅಂದರೆ ಎಷ್ಟು ಎಂಬುದೇ ದೊಡ್ಡ ಜಗಳವಾಗಿತ್ತು. 1835ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಎಂಬ ಪಟ್ಟಣದಲ್ಲಿ ಕಲ್ಲಿದ್ದಲು ಹೊರುವ ಹಮಾಲರು ಮೊದಲು ಕೆಲಸ ನಿಲ್ಲಿಸಿದರು. ಬಡಗಿಗಳು, ಚಪ್ಪಲಿ ಹೊಲಿಯುವವರು, ಮತ್ತೆ ಎಷ್ಟೋ ಕಸುಬಿನವರು ಜೊತೆಗೂಡಿದರು. ಅಲ್ಲಿಯವರೆಗೆ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ದುಡಿದರೆ ಒಂದು ದಿನ. ಅವರು ಕೇಳಿದ್ದು, ಬೆಳಗಿನ 6ರಿಂದ ಸಂಜೆ 6, ನಡುವೆ ಊಟಕ್ಕೆ ಎರಡು ತಾಸು ಬಿಟ್ಟು ಉಳಿದ 10 ತಾಸು. ಕೇಳಿದ್ದು ಸಿಕ್ಕಿತು. ಮಾಡಿದ್ದನ್ನು ದಿನ ಅನ್ನಬೇಕೋ ಅರ್ಧ ದಿನ ಅನ್ನಬೇಕೋ ಎಂಬ ಮಾತು ಅಂಥ ಜನರ ಬಾಯಲ್ಲಿ ಹಗುರ ಮಾತಾಗಿರಲಾರದು.

ನಮಗೆ ಇದು ಗೊತ್ತಿಲ್ಲದ್ದೇ? 1972ರ ಬರಗಾಲದಲ್ಲಿ ನಮ್ಮವ್ವ ಖಡಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ತಂಗಿಗೆ ಜ್ವರ ಬಂದು, ಮಧ್ಯಾಹ್ನದ ಹಜೇರಿಗೆ ತಡವಾಗಿ ಹೋದಳು. ಮುಕಾದಮ ತಲೆ ಎತ್ತದೆ ‘ಅರ್ಧಾ ದಿವಸ ಲಿಹಾ’ ಎಂದ. ಅವ್ವ ಸಂಜೆಯವರೆಗೆ ಬಿಡದೆ ಒಡೆದಳು. ಪುಸ್ತಕದಲ್ಲಿ ಅರ್ಧ ದಿನವೇ ಉಳಿಯಿತು. ನಾನು ಹನ್ನೊಂದು ವರ್ಷದವನು, ಪಕ್ಕದಲ್ಲಿ ನಿಂತಿದ್ದೆ. ಈ ಇಂಗ್ಲಿಷ್ ಮಾತಿನ ಅರ್ಥ ಗುರುಗಳು ಬಿಡಿಸಿದಾಗ ನನಗೆ ಮೊದಲು ನೆನಪಾದದ್ದು ಆ ಮುಕಾದಮನ ಪೆನ್ಸಿಲು. ಹಜೇರಿ ಪುಸ್ತಕ ಯಾರ ಕೈಯಲ್ಲಿದೆಯೋ ದಿನ ಎಷ್ಟೆಂದು ಅನ್ನುವವನು ಅವನೇ. ಸೊಲ್ಲಾಪುರದ ಗಿರಣಿಗಳಲ್ಲಿ ದುಡಿದವರಿಗೆ ಅದನ್ನು ಹೇಳುತ್ತಿದ್ದದ್ದು ಭೋಂಗಾ. ಭೋಂಗಾ ಕೂಗಿದರೆ ಪಾಳಿ ಮುಗಿಯಿತು.

ಆದ್ದರಿಂದ ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು ಗಮನಿಸಬೇಕು. ಮೇಲಿನವರು ಕೆಳಗಿನವರಿಗೆ ಹೇಳಿದರೆ ಅದು ಬಿಡುಗಡೆ, ಮನೆಗೆ ಹೋಗಲು ಪರವಾನಗಿ. ಸಮಾನರು ತಮ್ಮತಮ್ಮಲ್ಲಿ ಹೇಳಿಕೊಂಡರೆ ಸ್ನೇಹ. ಕೆಳಗಿನವನು ಮೇಲಿನವರಿಗೆ ಹೇಳುವುದಾದರೆ ಪ್ರಶ್ನೆಯಾಗಿ ಕೇಳುವುದು ಮರ್ಯಾದೆ: ‘ಶಲ್ ವಿ ಕಾಲ್ ಇಟ್ ಎ ಡೇ, ಸರ್?’

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ನಮ್ಮ ರೈತರ ಹತ್ತಿರ ಇದಕ್ಕಿಂತ ಚಂದದ ಮಾತಿದೆ: ‘ಕೊಳ್ಳ ಹರಿಯೋಣ’. ಎತ್ತಿನ ಕೊರಳಿನಿಂದ ನೊಗ ಇಳಿಸುವುದು. ಮರಾಠಿಯಲ್ಲಿ ‘ಔತ ಸೋಡಣೆ’. ಹೊಲ ಇನ್ನೂ ಉಳಿದಿರುತ್ತದೆ, ಎತ್ತು ದಣಿದಿರುತ್ತದೆ, ಕೊಳ್ಳ ಹರಿಯುತ್ತಾರೆ. ಹೊಲದವರಲ್ಲದವರಿಗೆ ‘ಇವತ್ತಿಗೆ ಸಾಕು’ ಎಂದರೂ ಆಯಿತು. ಮರಾಠಿಯವರ ‘ಆತಾ ಪುರೇ’, ‘ಚಲಾ, ಆವರಾ’ ಅದರದೇ ಸರೀಕ. ಆದರೆ ಕೆಲವರು ಭಾಷಾಂತರ ಮಾಡುವಾಗ ‘ಕೈ ತೊಳೆದುಕೊಂಡರು’ ಎಂದು ಬರೆಯುತ್ತಾರೆ, ಅದು ತಪ್ಪು. ಕೈ ತೊಳೆದುಕೊಳ್ಳುವವನು ಜವಾಬ್ದಾರಿ ತಪ್ಪಿಸಿಕೊಳ್ಳುವವನು. ‘ಎಳ್ಳುನೀರು ಬಿಟ್ಟರು’ ಎಂದರೆ ಇನ್ನೂ ಕೆಟ್ಟದ್ದು, ಅದರಲ್ಲಿ ಬೇಸರವಿದೆ, ಮತ್ತೆ ಮುಖ ನೋಡುವುದಿಲ್ಲ ಎಂಬ ಸಿಟ್ಟಿದೆ. ‘ಕಾಲ್ ಇಟ್ ಎ ಡೇ’ಯಲ್ಲಿ ಸಿಟ್ಟಿಲ್ಲ. ಸೋತು ಬಿಟ್ಟೆ ಎಂಬ ದುಃಖವೂ ಇಲ್ಲ.

ನಿಲ್ಲಿಸು ಎಂಬ ಶಬ್ದವನ್ನೇ ಎತ್ತದೆ ನಿಲ್ಲಿಸುವುದು, ಇದು ನಮಗೂ ಬರುವ ವಿದ್ಯೆ. ದೀಪ ಆರಿಸು ಎಂದು ಹಿರಿಯರು ಅನ್ನುವುದಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ಅವ್ವ ಬೈಯುತ್ತಾಳೆ, ‘ಬರ್ತೀನಿ’ ಅನ್ನಬೇಕು. ಮರಾಠಿ ಕಿರಾಣಿಯವರು ಸಂಜೆ ಅಂಗಡಿ ಮುಚ್ಚುವುದಕ್ಕೆ ‘ದುಕಾನ ವಾಢವಣೆ’ ಎನ್ನುತ್ತಾರೆ, ಅಂದರೆ ಅಂಗಡಿಯನ್ನು ಬೆಳೆಸುವುದು! ಮುಚ್ಚುತ್ತಾ ಬೆಳೆಸುತ್ತೇನೆ ಎನ್ನುವ ನಮ್ಮವರಿಗೆ, ನಿಲ್ಲಿಸುತ್ತಾ ‘ಒಂದು ದಿನ ಅನ್ನೋಣ’ ಎನ್ನುವ ಇಂಗ್ಲಿಷರ ಜಾಣತನ ಹೊಸದೇನಲ್ಲ.

ಈಗ ತೊಡಕಿನ ಜಾಗಕ್ಕೆ ಬರುತ್ತೇನೆ. ಈ ಮಾತಿಗೆ ಎರಡು ಅರ್ಥಗಳಿವೆ. ಒಂದು, ಇವತ್ತಿಗೆ ಸಾಕು, ನಾಳೆ ಮತ್ತೆ. ಇನ್ನೊಂದು, ಇನ್ನು ಶಾಶ್ವತವಾಗಿ ಸಾಕು. ಶಬ್ದ ಒಂದೂ ಬದಲಾಗುವುದಿಲ್ಲ.

ಕ್ರಿಕೆಟ್ ನೋಡುವವರಿಗೆ ಬೇಗ ತಿಳಿಯುತ್ತದೆ. ಟೆಸ್ಟ್ ಪಂದ್ಯದಲ್ಲಿ ಸಂಜೆ ಅಂಪೈರು ಬೇಲ್ಸ್ ತೆಗೆದಾಗ ಆಟಗಾರರು ಆ ದಿನಕ್ಕೆ ಮುಗಿಸುತ್ತಾರೆ, ಮರುದಿನ ಅದೇ ಸ್ಕೋರಿನಿಂದ ಮುಂದುವರಿಯುತ್ತಾರೆ. ಅದು ಮೊದಲ ಅರ್ಥ. 2008ರ ನವೆಂಬರ್ 2ರಂದು ದಿಲ್ಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ, ಆಸ್ಟ್ರೇಲಿಯಾದ ವಿರುದ್ಧದ ಟೆಸ್ಟಿನ ಕೊನೆಯ ದಿನ, ನಮ್ಮ ಅನಿಲ್ ಕುಂಬ್ಳೆ ಆಟಕ್ಕೆ ವಿದಾಯ ಹೇಳಿದರು. 132 ಟೆಸ್ಟ್, 619 ವಿಕೆಟ್. ಆ ಹೆಸರಿನಲ್ಲಿರುವ ಕುಂಬಳೆ ನಮ್ಮ ಕಾಸರಗೋಡು ಕಡೆಯ ಊರು ಎಂಬುದು ಗಡಿನಾಡಿನ ನಮಗೆ ಹೆಮ್ಮೆ, ಅದಿರಲಿ. ಅಂಥ ನಿವೃತ್ತಿಗೂ ಇಂಗ್ಲಿಷ್ ಪತ್ರಿಕೆಯವರು ಬರೆಯುವುದು ‘ಕಾಲ್ಸ್ ಇಟ್ ಎ ಡೇ’ ಎಂದೇ. ಅಲ್ಲಿ ಮರುದಿನ ಎಂಬುದಿಲ್ಲ.

ಕ್ರಿಕೆಟ್ಟಿನಲ್ಲಿ ತಪ್ಪು ತಿಳಿದರೆ ಯಾರಿಗೂ ನಷ್ಟವಿಲ್ಲ. ಕಾಗದದಲ್ಲಿ ಹಾಗಲ್ಲ.

2016ರಲ್ಲಿ ನಮ್ಮ ಓಣಿಯ ಒಬ್ಬ ಹುಡುಗ ಜಾತ್ರೆಗೆ ಊರಿಗೆ ಬಂದಿದ್ದ. ಹುಡುಗ ಅನ್ನುತ್ತೇನೆ, ಎರಡು ಮಕ್ಕಳ ತಂದೆ. ಪುಣೆಯ ಒಂದು ಸಣ್ಣ ಕಾರ್ಖಾನೆಯಲ್ಲಿ 11 ವರ್ಷದಿಂದ ಲೇತ್ ಮಶಿನ್ ನಡೆಸುತ್ತಿದ್ದ. ಅವನ ಹಿಂದೆಯೇ ಒಂದು ಇಂಗ್ಲಿಷ್ ಕಾಗದ ಬಂತು. ಅವನು ಓದಿ ಖುಷಿಪಟ್ಟ. ‘ಮಾಲಕರು ತಿಂಗಳ ಕೊನೆಗೆ ಒಂದು ದಿನ ಸೂಟಿ ಕೊಟ್ಟಾರ, ಇನ್ನೊಂದು ದಿನ ಇದ್ದು ಹೋಗ್ತೀನಿ’ ಎಂದ. ಅವನ ಅಪ್ಪನಿಗೆ ಯಾಕೋ ಸಂಶಯ. ಸೂಟಿ ಕೊಡಲು ರಜಿಸ್ಟರ್ ಟಪಾಲು ಯಾಕೆ? ಕಾಗದ ಹಿಡಿದು ನನ್ನ ಹತ್ತಿರ ಬಂದರು. ‘ಕಾಕಾ, ಇದನ್ನೊಂದೀಟು ಓದ್ರಿ’ ಎಂದರು. ಓದಿದೆ. ಪಾಲುದಾರರು ತಿಂಗಳ ಕೊನೆಯ ದಿನದಿಂದ ‘ಟು ಕಾಲ್ ಇಟ್ ಎ ಡೇ’ ನಿಶ್ಚಯಿಸಿದ್ದಾರೆ, ನೌಕರರು ಬಂದು ತಮ್ಮ ‘ಡ್ಯೂಸ್’ ಇತ್ಯರ್ಥ ಮಾಡಿಕೊಳ್ಳಬೇಕು ಎಂದಿತ್ತು. ಡ್ಯೂಸ್ ಅಂದರೆ ಬಾಕಿ, ತಾನೇ ಕೊಡಬೇಕಾದ ಸಾಲ ಎಂದು ಆ ಹುಡುಗ ತಿಳಿದಿದ್ದ. ಅದಕ್ಕೇ ಹೋಗಲು ಅವಸರವಿಲ್ಲ!

ಕಾರ್ಖಾನೆ ಮುಚ್ಚುತ್ತಿದೆ ಎಂದು ನಾನು ಹೇಳಿದಾಗ ಅವನ ಅಪ್ಪ ಕಟ್ಟೆಯ ಮೇಲೆ ಕೂತುಬಿಟ್ಟರು.

ಆಮೇಲೆ ನಾನೂ ಹುಡುಗನೂ ಲೆಕ್ಕ ಹಾಕಿದೆವು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಸತತ ಸೇವೆ ಮಾಡಿದವರಿಗೆ ವರ್ಷಕ್ಕೆ 15 ದಿನದ ಪಗಾರದಂತೆ ಕೊಡಬೇಕು. ತಿಂಗಳ ಪಗಾರವನ್ನು 30ರಿಂದಲ್ಲ, 26ರಿಂದ ಭಾಗಿಸಬೇಕು. ಅವನ ಮೂಲ ಪಗಾರ, ತುಟ್ಟಿಭತ್ಯೆ ಸೇರಿ 13,000. ದಿನಕ್ಕೆ 500 ಆಯಿತು. 15 ದಿನಕ್ಕೆ 7,500. 11 ವರ್ಷಕ್ಕೆ 82,500. ಭವಿಷ್ಯನಿಧಿಯ ಹಣ ಬೇರೆ. ಅಲ್ಲಿ ದುಡಿಯುತ್ತಿದ್ದವರು 14 ಮಂದಿ, ಆದ್ದರಿಂದ ಕಾಯ್ದೆ ಅನ್ವಯಿಸುತ್ತಿತ್ತು. ಅದೇ ರಾತ್ರಿ ಅವನು ಗಾಡಿ ಹತ್ತಿದ. ಮೂರು ಸಲ ಅಲೆದ ಮೇಲೆ ಹಣ ಕೈಗೆ ಬಂತು. ತಿಂಗಳು ಕಳೆದು ಹೋಗಿದ್ದರೆ ಕಾಯ್ದೆಯ ಹಕ್ಕೇನೋ ಉಳಿಯುತ್ತಿತ್ತು, ಆದರೆ ಬೀಗ ಬಿದ್ದ ಬಾಗಿಲ ಮುಂದೆ ಯಾರನ್ನು ಕೇಳುವುದು?

ಕಾಗದ ಬರೆದವರ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ‘ಕಾರ್ಖಾನೆ ಮುಚ್ಚುತ್ತೇವೆ’ ಎಂದು ಸೀದಾ ಬರೆಯಬಾರದಿತ್ತೇ? ಹನ್ನೊಂದು ವರ್ಷದ ಅನ್ನಕ್ಕೆ ಬೀಗ ಹಾಕುವಾಗ ಸಂಜೆಯ ಹರಟೆಯ ಮಾತು ಯಾಕೆ? ಇದು ಬಾಯಿಮಾತಿಗೆ ಹೊಂದುವ ಪ್ರಯೋಗ. ನೋಟೀಸು, ಅರ್ಜಿ, ಕರಾರಿನಲ್ಲಿ ನೀವೂ ಬಳಸಬೇಡಿರಿ. ರಾಜೀನಾಮೆ ಕೊಡುವಾಗ ‘ರಿಸೈನ್’ ಎಂದೇ ಬರೆಯಿರಿ.

ಯಾವ ಅರ್ಥ ಎಂದು ಗುರುತಿಸುವುದು ಹೇಗೆ? ಅಕ್ಕಪಕ್ಕ ನೋಡಬೇಕು. ಗಂಟೆಯ ಮಾತು, ದಣಿವಿನ ಮಾತು, ಕತ್ತಲು ಮಳೆಯ ಮಾತು ಇದ್ದರೆ ಅದು ಆ ದಿನಕ್ಕೆ ಮಾತ್ರ. ಇಷ್ಟು ವರ್ಷಗಳ ನಂತರ, ಇಂಥ ತಾರೀಖಿನಿಂದ, ಎಂದಿದ್ದರೆ ಶಾಶ್ವತ. ತಾರೀಖು ಕಂಡ ಕೂಡಲೇ ಎಚ್ಚರವಾಗಿರಿ, ತಿಳಿದವರ ಹತ್ತಿರ ಓದಿಸಿರಿ.

ಬಳಸುವಾಗ ನಮ್ಮವರು ಮಾಡುವ ತಪ್ಪುಗಳು ಕೆಲವು. ನಡುವಿನ ‘ಎ’ ನುಂಗಿಬಿಡುತ್ತಾರೆ, ‘ಕಾಲ್ ಇಟ್ ಡೇ’ ಎನ್ನುತ್ತಾರೆ. ಕನ್ನಡದಲ್ಲಿ ಅಂಥ ಅಕ್ಷರ ಇಲ್ಲದ್ದರಿಂದ ನಾಲಿಗೆ ಹಾರಿಸುತ್ತದೆ. ಆದರೆ ಆ ‘ಎ’ಯೇ ‘ಒಂದು’ ಎಂಬ ಎಣಿಕೆ, ಅದಿಲ್ಲದಿದ್ದರೆ ಹಜೇರಿಯೇ ಇಲ್ಲ. ಕಳೆದ ಕಾಲಕ್ಕೆ ‘ಕಾಲ್ಡ್ ಇಟ್ ಎ ಡೇ’. ನಿಲ್ಲಿಸುವವರು ಮನುಷ್ಯರಾಗಿರಬೇಕು, ತಾವಾಗಿ ನಿಲ್ಲಿಸಬೇಕು. ಪಂಪ್‌ಸೆಟ್ ನಿಂತಿತು, ಬಸ್ಸು ಕೆಟ್ಟು ನಿಂತಿತು ಎನ್ನಲು ಇದು ಹೊಂದದು. ತಂಬಾಕು ಬಿಟ್ಟೆ ಎನ್ನಲೂ ಹೊಂದದು, ಅದಕ್ಕೆ ‘ಗಿವ್ ಅಪ್’ ಇದೆ. ಗದ್ದಲ ಮಾಡುವ ಮಕ್ಕಳಿಗೆ ‘ಸ್ಟಾಪ್ ಇಟ್’ ಸಾಕು. ರಾತ್ರಿ ಹರಟೆ ಮುಗಿಸಿ ಮಲಗಲು ಏಳುವಾಗ ‘ಕಾಲ್ ಇಟ್ ಎ ನೈಟ್’ ಎನ್ನುವುದುಂಟು.

ಇದರ ದಾಯಾದಿ ಇನ್ನೊಂದಿದೆ, ‘ಕಾಲ್ ಇಟ್ ಕ್ವಿಟ್ಸ್’. ಅದು ನಮ್ಮ ಬ್ಯಾಂಕಿನವರ ಮಾತು. ಕ್ವಿಟ್ಸ್ ಅಂದರೆ ಚುಕ್ತಾ. ನಿನ್ನದು ನನಗಿಲ್ಲ, ನನ್ನದು ನಿನಗಿಲ್ಲ. ಇಬ್ಬರ ನಡುವಿನ ಪಾಲುದಾರಿಕೆ, ಜಗಳ, ಇಂಥವನ್ನು ಮುಗಿಸುವಾಗ ಬಳಸುತ್ತಾರೆ. ಅದರ ವಿಚಾರ ಇನ್ನೊಂದು ಸಲ ಹೇಳುತ್ತೇನೆ.

2021ರಲ್ಲಿ ನಾನು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ನಮ್ಮ ಎಳೆಯ ಮ್ಯಾನೇಜರಮ್ಮ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಾ, 40 ವರ್ಷದ ಸೇವೆಯ ನಂತರ ಇವರು ‘ಕಾಲಿಂಗ್ ಇಟ್ ಎ ಡೇ’ ಎಂದರು. ನನ್ನ ಕಣ್ಣ ಮುಂದೆ ಬಂದದ್ದು ಕಂದೀಲು, ಡೇ ಬುಕ್ಕು, ಎಲ್ಲಿ ಕಾಲಿಡಬೇಕಂತ್ರಿ ಎಂದು ಕೇಳಿದ ಕಾಕಾ. ಕಾಕಾ ಆ ಹೊತ್ತಿಗೆ ಇರಲಿಲ್ಲ. ಅವತ್ತು ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನೊಬ್ಬನೇ ಯಾಕೆ ನಕ್ಕೆನೆಂದು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳಿದೆ. ಬರ್ತೀನ್ರಿ.